ಒಂದೆಡೆ ಬದಲಿಸಿದರೆ ಇಡೀ ತಾಣ ಬದಲಾಗಬೇಕು: ಕನ್ನಡ ಜಾಲತಾಣಕ್ಕೆ ಹೊಂದಿಕೊಳ್ಳುವ ಥೀಮ್ ರೂಪಿಸುವ ಬಗೆ

ಕನ್ನಡದ ಒಂದು ಸಣ್ಣ ಸಾಹಿತ್ಯ ಮಾಸಿಕಕ್ಕೆ ಸ್ವಂತ ಜಾಲತಾಣವಿದೆ ಎಂದುಕೊಳ್ಳೋಣ. ಸಂಪಾದಕರು ಒಬ್ಬರೇ, ತಾಣದ ತಾಂತ್ರಿಕ ಕೆಲಸವನ್ನು ನೋಡಿಕೊಳ್ಳುವವರೂ ಒಬ್ಬರೇ, ಅದೂ ಬೇರೆ ಉದ್ಯೋಗದ ಬಿಡುವಿನಲ್ಲಿ. ಅಕ್ಟೋಬರ್ ಕೊನೆಯ ವಾರದಲ್ಲಿ ಸಂಪಾದಕರು ಫೋನ್ ಮಾಡಿ, ನವೆಂಬರ್ 1ರಂದು ತಾಣವು ಅರಿಶಿನ ಕುಂಕುಮದ ಬಣ್ಣದಲ್ಲಿ ಕಾಣಿಸಲಿ, ಮರುದಿನ ಮೊದಲಿನಂತೆಯೇ ಆಗಲಿ ಎನ್ನುತ್ತಾರೆ. ಕೇಳಲು ಚಿಕ್ಕ ಮಾತು. ಶೈಲಿಯ ಕಡತವನ್ನು ತೆರೆದು ನೋಡಿದರೆ ಒಂದೇ ನೀಲಿ ಬಣ್ಣವನ್ನು ಹತ್ತಾರು ಕಡೆ ಬರೆಯಲಾಗಿದೆ, ಕೆಲವೆಡೆ ಅದರ ತಮ್ಮನಂತಿರುವ ಇನ್ನೊಂದು ನೀಲಿ ಇದೆ, ಇನ್ನು ಕೆಲವು ಶೀರ್ಷಿಕೆಗಳಂತೂ ಚಿತ್ರಗಳಾಗಿಯೇ ಕುಳಿತಿವೆ. ಹೊಂದಿಕೊಳ್ಳುವ ಥೀಮ್ ಎಂದು ಈ ಲೇಖನದಲ್ಲಿ ಕರೆಯುವುದು ಇಂತಹ ಕೋರಿಕೆಯನ್ನು ಹತ್ತು ನಿಮಿಷದಲ್ಲಿ ಪೂರೈಸಿ, ಮರುದಿನ ಒಂದೇ ನಿಮಿಷದಲ್ಲಿ ಹಿಂದಕ್ಕೆ ಪಡೆಯಬಲ್ಲ ವಿನ್ಯಾಸವನ್ನು. ವಿನ್ಯಾಸದ ಪ್ರತಿಯೊಂದು ತೀರ್ಮಾನವೂ ಒಂದೇ ಸ್ಥಳದಲ್ಲಿ ದಾಖಲಾಗಿರಬೇಕು ಮತ್ತು ಅದರ ಹೆಸರು ಅದು ಮಾಡುವ ಕೆಲಸವನ್ನು ಹೇಳಬೇಕು. ಇದಕ್ಕೆ ಕನ್ನಡ ಲಿಪಿಯ ಅಗತ್ಯಗಳನ್ನು ಸೇರಿಸಿಕೊಂಡರೆ ಕೆಲಸದ ಹಾದಿ ಬಹುಮಟ್ಟಿಗೆ ಸಿದ್ಧವಾದಂತೆ.

ಬಣ್ಣಕ್ಕೆ ಕೈಹಾಕುವ ಮೊದಲು

ಹೊಸ ವಿನ್ಯಾಸ ಎಂದೊಡನೆ ಬಣ್ಣ ಆರಿಸಲು ಕೂರುವುದು ಸಹಜವಾದರೂ ಮೊದಲು ಮಾಡಬೇಕಾದದ್ದು ತಾಣದಲ್ಲಿ ನಿಜವಾಗಿ ಪ್ರಕಟವಾಗುವ ಬರಹಗಳನ್ನು ಒಟ್ಟುಗೂಡಿಸುವುದು. ನಾಲ್ಕು ಸಾಲಿಗೆ ಹರಿಯುವ ಅತ್ಯಂತ ಉದ್ದದ ಶೀರ್ಷಿಕೆ, ಒಂದೇ ಪದದ ಶೀರ್ಷಿಕೆ, ಸಾಲು ಮುರಿಯಬಾರದ ಒಂದು ಕವಿತೆ, ಚಿತ್ರವೇ ಇಲ್ಲದ ಪ್ರಬಂಧ, ಅಡಿಟಿಪ್ಪಣಿಗಳಿರುವ ಸಂಶೋಧನಾ ಲೇಖನ, ಊರಿನ ಹೆಸರು ಮತ್ತು ಎರಡು ಇನಿಷಿಯಲ್ ಹೊತ್ತ ಲೇಖಕರ ಹೆಸರು, ಇವಿಷ್ಟನ್ನು ಒಂದು ಕಡತದಲ್ಲಿಟ್ಟುಕೊಂಡು ಪ್ರತಿ ಹಂತದಲ್ಲಿಯೂ ವಿನ್ಯಾಸವನ್ನು ಇವುಗಳ ಮೇಲೆಯೇ ಪರೀಕ್ಷಿಸಬೇಕು. ಮಾದರಿ ಪಠ್ಯವೆಂದು ಲ್ಯಾಟಿನ್ ಅಕ್ಷರಗಳನ್ನು ತುಂಬಿ ಚೆಲುವಾಗಿ ಕಾಣುವ ಥೀಮುಗಳು ಕನ್ನಡ ಬಂದ ಕೂಡಲೇ ಮುಗ್ಗರಿಸುವುದಕ್ಕೆ ಕಾರಣವೇನೆಂದು ಮುಂದಿನ ಭಾಗದಲ್ಲಿ ವಿವರಿಸುತ್ತೇನೆ.

ಹಳೆಯ ಸಂಚಿಕೆಗಳನ್ನು ತಾಣಕ್ಕೆ ಏರಿಸುವ ಯೋಜನೆ ಇದ್ದರೆ ಇನ್ನೊಂದು ಪೂರ್ವಸಿದ್ಧತೆಯೂ ಬೇಕು. ನುಡಿ ಅಥವಾ ಬರಹದಂತಹ ತಂತ್ರಾಂಶಗಳ ಹಳೆಯ ಎನ್ಕೋಡಿಂಗ್‌ನಲ್ಲಿ ಬೆರಳಚ್ಚಾದ ಪಠ್ಯದಲ್ಲಿ ಒಳಗಿರುವುದು ಲ್ಯಾಟಿನ್ ಸಂಕೇತಗಳು. ಅವು ಕನ್ನಡವಾಗಿ ಕಾಣುವುದು ನಿರ್ದಿಷ್ಟ ಫಾಂಟ್ ಒಂದರ ಕೃಪೆಯಿಂದ ಮಾತ್ರ. ಫಾಂಟ್ ಬದಲಿಸಿದ ಕ್ಷಣವೇ ಅಂತಹ ಪಠ್ಯವು ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗುತ್ತದೆ. ಆದ್ದರಿಂದ ಎಲ್ಲ ಪಠ್ಯವನ್ನೂ ಯುನಿಕೋಡ್‌ಗೆ ಪರಿವರ್ತಿಸಿ, ಪರಿವರ್ತನೆಯಲ್ಲಿ ಉಳಿದ ತಪ್ಪುಗಳನ್ನು ಕಣ್ಣಾರೆ ನೋಡಿ ತಿದ್ದಿದ ನಂತರವೇ ಥೀಮಿನ ಮಾತು. ಚಿತ್ರವಾಗಿ ಮಾಡಿಟ್ಟ ಶೀರ್ಷಿಕೆಗಳಿಗೂ ಇದೇ ನಿಯಮ ಅನ್ವಯಿಸುತ್ತದೆ, ಏಕೆಂದರೆ ಚಿತ್ರದೊಳಗಿನ ಅಕ್ಷರದ ಬಣ್ಣವನ್ನಾಗಲೀ ಗಾತ್ರವನ್ನಾಗಲೀ ಯಾವ ಥೀಮೂ ಬದಲಿಸಲಾರದು.

ಅಕ್ಷರದಿಂದ ಆರಂಭ

ಸಿದ್ಧವಾಗಿ ಸಿಗುವ ಬಹುತೇಕ ಥೀಮುಗಳು ಲ್ಯಾಟಿನ್ ಲಿಪಿಯ ಅಳತೆಗೆ ಹೊಲಿದ ಅಂಗಿಗಳು. ಕನ್ನಡದಲ್ಲಿ ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಗುಡಿಸು ಮತ್ತು ಏತ್ವಗಳು ಮೇಲಕ್ಕೆ ಏರುತ್ತವೆ, ದೀರ್ಘದ ಚಿಹ್ನೆ ಬಲಕ್ಕೆ ಚಾಚುತ್ತದೆ. "ವೈಶಿಷ್ಟ್ಯ", "ತೀಕ್ಷ್ಣ", "ಉಚ್ಛ್ವಾಸ", "ಜ್ಯೋತ್ಸ್ನಾ", "ಸ್ತ್ರೀ" ಎಂಬ ಪದಗಳನ್ನು ಒಂದರ ಕೆಳಗೊಂದು ಬರುವಂತೆ ಬರೆದು ನೋಡಿದರೆ ಎಷ್ಟು ಜಾಗ ಬೇಕೆಂಬುದು ತಾನಾಗಿ ಗೊತ್ತಾಗುತ್ತದೆ. ನಾನು ಮೊದಲ ಬಾರಿ ಕನ್ನಡ ತಾಣವೊಂದಕ್ಕೆ ಸಿದ್ಧ ಥೀಮನ್ನು ಅಳವಡಿಸಿದಾಗ ಅದರ ಶೀರ್ಷಿಕೆಗಳ ಸಾಲಂತರ 1.1 ಇತ್ತು, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿನ ಮೇಲೆ ಕುಳಿತು "ರಾಷ್ಟ್ರೀಯ" ಎಂಬುದನ್ನು ಓದಲು ಊಹೆಯ ನೆರವು ಬೇಕಾಗಿತ್ತು. ಅನುಭವದಿಂದ ಹೇಳುವುದಾದರೆ ಮುಖ್ಯ ಪಠ್ಯಕ್ಕೆ 1.7ರಿಂದ 1.8, ಶೀರ್ಷಿಕೆಗಳಿಗೆ 1.35ರಿಂದ 1.45 ಸಾಲಂತರವು ಹೆಚ್ಚಿನ ಫಾಂಟ್‌ಗಳಿಗೆ ಸರಿಹೊಂದುತ್ತದೆ. ಸಾಲಂತರವನ್ನು ಪಿಕ್ಸೆಲ್‌ನಲ್ಲಿ ಬರೆಯದೆ ಬರಿಯ ಸಂಖ್ಯೆಯಾಗಿ ಬರೆಯಬೇಕು. ಹಾಗೆ ಬರೆದಾಗ ಅದು ಆಯಾ ಅಕ್ಷರ ಗಾತ್ರದ ಗುಣಕವಾಗಿ ಮಕ್ಕಳ ಅಂಶಗಳಿಗೆ, ಅಂದರೆ ಅದರೊಳಗೆ ಬರುವ ಪುಟದ ಭಾಗಗಳಿಗೆ, ಇಳಿಯುತ್ತದೆ, ಪಿಕ್ಸೆಲ್‌ನಲ್ಲಿ ಬರೆದರೆ ಪ್ಯಾರಾದ ಅಳತೆಯೇ ದೊಡ್ಡ ಶೀರ್ಷಿಕೆಗೂ ಅಂಟಿಕೊಳ್ಳುತ್ತದೆ.

ಒತ್ತಕ್ಷರಗಳ ಎರಡನೆಯ ಶತ್ರುವೆಂದರೆ ನಿಗದಿತ ಎತ್ತರ. ಬಟನ್ನಿಗೆ 36 ಪಿಕ್ಸೆಲ್ ಎತ್ತರವೆಂದು ಬರೆದು, ಹೆಚ್ಚಾದದ್ದನ್ನು ಮುಚ್ಚುವಂತೆ ಹೇಳಿದ್ದರೆ "ಸದಸ್ಯತ್ವ" ಎಂಬ ಪದದ ತಳ ಕತ್ತರಿಸಿ ಹೋಗುತ್ತದೆ. ಎತ್ತರವನ್ನು ಹೇಳದೆ, ಮೇಲೆ ಕೆಳಗೆ ಬಿಡುವ ಜಾಗವನ್ನು ಅಕ್ಷರ ಗಾತ್ರಕ್ಕೆ ಅನುಗುಣವಾದ ಎಮ್ ಅಳತೆಯಲ್ಲಿ ಕೊಟ್ಟರೆ ಪೆಟ್ಟಿಗೆಯೇ ಅಕ್ಷರಕ್ಕೆ ತಕ್ಕಂತೆ ಬೆಳೆಯುತ್ತದೆ. ಮುಖಪುಟದಲ್ಲಿ ಲೇಖನದ ಸಾರಾಂಶವನ್ನು ಎರಡೇ ಸಾಲು ತೋರಿಸಿ ಮಿಕ್ಕದ್ದನ್ನು ಮರೆಮಾಡುವ ತಂತ್ರದಲ್ಲಿಯೂ ಇದೇ ಅಪಾಯವಿದೆ. ಅಲ್ಲಿ ಕೊನೆಯ ಸಾಲಿನ ಕೆಳಗೆ ಒಂದಿಷ್ಟು ಪ್ಯಾಡಿಂಗ್, ಅಂದರೆ ಪೆಟ್ಟಿಗೆಯ ಒಳಗಿನ ಖಾಲಿ ಜಾಗ, ಸೇರಿಸುವುದು ಕಡ್ಡಾಯ ಎಂದೇ ಭಾವಿಸಿ.

ಕೊಂಡಿಗಳ ಅಡಿಗೆರೆಯೂ ಲ್ಯಾಟಿನ್ ಲಿಪಿಯ ಲೆಕ್ಕದಲ್ಲಿ ಬರುತ್ತದೆ. ಅದು ಒತ್ತಕ್ಷರಗಳ ಮೂಲಕ ಹಾದುಹೋಗುತ್ತದೆ, ಇಲ್ಲವೇ ಬ್ರೌಸರ್ ಒತ್ತು ಬಂದಲ್ಲೆಲ್ಲ ಗೆರೆಯನ್ನು ತುಂಡರಿಸಿ ಚುಕ್ಕಿ ಸಾಲಿನಂತೆ ಮಾಡುತ್ತದೆ. ಗೆರೆಯನ್ನು ಅಕ್ಷರ ಗಾತ್ರದ ಮೂರನೇ ಒಂದು ಭಾಗದಷ್ಟು ಕೆಳಕ್ಕಿಳಿಸಿ, ತೆಳ್ಳಗೆ ಮಾಡಿ, ಪಠ್ಯಕ್ಕಿಂತ ತಿಳಿಯಾದ ಬಣ್ಣ ಕೊಟ್ಟರೆ ಎರಡೂ ತೊಂದರೆಗಳು ಬಹುಪಾಲು ತಗ್ಗುತ್ತವೆ. ಗೆರೆಯನ್ನೇ ತೆಗೆದುಹಾಕಿ ಬಣ್ಣವೊಂದನ್ನೇ ನೆಚ್ಚುವುದು ಸರಿಯಲ್ಲ, ಏಕೆಂದರೆ ಬಣ್ಣಗಳ ವ್ಯತ್ಯಾಸ ಗುರುತಿಸಲಾಗದ ಓದುಗರಿಗೆ ಕೊಂಡಿ ಎಲ್ಲಿದೆ ಎಂಬುದೇ ತಿಳಿಯುವುದಿಲ್ಲ.

ಲ್ಯಾಟಿನ್ ಥೀಮುಗಳು ಶ್ರೇಣಿಯನ್ನು ತೋರಿಸಲು ಬಳಸುವ ಮೂರು ಸಾಧನಗಳು ಕನ್ನಡದಲ್ಲಿ ಕೆಲಸಕ್ಕೆ ಬಾರವು. ನಮ್ಮಲ್ಲಿ ದೊಡ್ಡಕ್ಷರ ಸಣ್ಣಕ್ಷರ ಎಂಬ ಭೇದವಿಲ್ಲ, ಆದ್ದರಿಂದ "ಎಲ್ಲವನ್ನೂ ದೊಡ್ಡಕ್ಷರ ಮಾಡು" ಎಂಬ ನಿಯಮದ ಮೇಲೆ ನಿಂತ ವಿಭಾಗದ ಹೆಸರುಗಳು ಸಾಧಾರಣ ಪಠ್ಯದಲ್ಲಿ ಕರಗಿಹೋಗುತ್ತವೆ. ಬಹುತೇಕ ಕನ್ನಡ ಫಾಂಟ್‌ಗಳಲ್ಲಿ ಇಟಾಲಿಕ್ ರೂಪವಿಲ್ಲದ ಕಾರಣ ಬ್ರೌಸರ್ ನೆಟ್ಟಗಿನ ಅಕ್ಷರವನ್ನೇ ಯಾಂತ್ರಿಕವಾಗಿ ಓರೆ ಮಾಡುತ್ತದೆ, ದುಂಡನೆಯ ಲಿಪಿಗೆ ಅದು ಒಪ್ಪುವುದಿಲ್ಲ. ಅಕ್ಷರಗಳ ನಡುವೆ ಜಾಗ ಹಿಗ್ಗಿಸುವ ಅಲಂಕಾರವಂತೂ ಪದವನ್ನೇ ಚೂರುಚೂರಾಗಿಸುತ್ತದೆ. ಇವುಗಳ ಬದಲಿಗೆ ದಪ್ಪ, ಗಾತ್ರ, ಬಣ್ಣ ಮತ್ತು ಸುತ್ತಲಿನ ಖಾಲಿ ಜಾಗಗಳಿಂದಲೇ ಶ್ರೇಣಿಯನ್ನು ಕಟ್ಟಬೇಕು. ದಪ್ಪಕ್ಕೂ ಒಂದು ಎಚ್ಚರಿಕೆ ಇದೆ: ಫಾಂಟ್‌ನಲ್ಲಿ ದಪ್ಪ ರೂಪವೇ ಇಲ್ಲದಿದ್ದರೆ ಬ್ರೌಸರ್ ಅಕ್ಷರದ ಅಂಚನ್ನು ಉಬ್ಬಿಸಿ ಕೃತಕ ದಪ್ಪವನ್ನು ತಯಾರಿಸುತ್ತದೆ, ಆಗ ಒಳಗಿನ ಸಣ್ಣ ತೆರಪುಗಳು ಮುಚ್ಚಿಕೊಳ್ಳುತ್ತವೆ. ಡ ಮತ್ತು ಢ, ಪ ಮತ್ತು ಫ, ಬ ಮತ್ತು ಭ ಇವುಗಳ ನಡುವೆ ಇರುವುದು ಒಂದು ಸಣ್ಣ ಸೀಳಿನ ವ್ಯತ್ಯಾಸ. ಅದು ಮಸುಕಾದರೆ ಅಲ್ಪಪ್ರಾಣ ಮಹಾಪ್ರಾಣಗಳೇ ಒಂದಾಗುತ್ತವೆ. ಇದೇ ಕಾರಣಕ್ಕೆ ಮುಖ್ಯ ಪಠ್ಯವನ್ನು 17 ಅಥವಾ 18 ಪಿಕ್ಸೆಲ್‌ಗೆ ಸಮನಾದ ಗಾತ್ರಕ್ಕಿಂತ ಚಿಕ್ಕದು ಮಾಡಬಾರದು, ಚಿತ್ರದ ಅಡಿಬರಹವೂ 14ಕ್ಕಿಂತ ಕೆಳಗಿಳಿಯಬಾರದು ಎಂಬುದು ನನ್ನ ಅಭಿಪ್ರಾಯ.

ಯಾವ ಫಾಂಟ್ ಎಂಬ ಪ್ರಶ್ನೆಗೆ ಈಗ ಸಾಕಷ್ಟು ಉತ್ತರಗಳಿವೆ. ನೋಟೋ ಸ್ಯಾನ್ಸ್ ಕನ್ನಡ ಮತ್ತು ನೋಟೋ ಸೆರಿಫ್ ಕನ್ನಡಗಳಲ್ಲಿ ಹಲವು ದಪ್ಪಗಳು ಸಿಗುತ್ತವೆ. ಏಕ್ ಟೈಪ್ ಸಂಸ್ಥೆಯ ಅನೇಕ್ ಕನ್ನಡವು ವೇರಿಯಬಲ್ ಫಾಂಟ್ ಆದ್ದರಿಂದ ಒಂದೇ ಕಡತದಲ್ಲಿ ದಪ್ಪವನ್ನೂ ಅಗಲವನ್ನೂ ಬೇಕಾದಷ್ಟು ಹೊಂದಿಸಿಕೊಳ್ಳಬಹುದು, ಉದ್ದದ ಶೀರ್ಷಿಕೆಯನ್ನು ಚಿಕ್ಕ ಪರದೆಯಲ್ಲಿ ಸ್ವಲ್ಪ ಕಿರಿದಾಗಿಸುವ ಅವಕಾಶ ಥೀಮಿಗೆ ದೊರೆಯುತ್ತದೆ. ಬಲೂ ತಮ್ಮಾದಂತಹ ತುಂಬು ದಪ್ಪದ ಫಾಂಟ್‌ಗಳು ಶೀರ್ಷಿಕೆಗೆ ಚೆಂದ, ಪಠ್ಯಕ್ಕೆ ಭಾರ. ಫಾಂಟ್ ಇಳಿದು ಬರುವವರೆಗೆ, ಅಥವಾ ಬರದೇ ಹೋದರೆ, ಓದುಗರ ಯಂತ್ರದಲ್ಲಿರುವ ಫಾಂಟೇ ಗತಿ. ಅದು ವಿಂಡೋಸ್‌ನಲ್ಲಿ ನಿರ್ಮಲಾ ಯುಐ ಅಥವಾ ಹಳೆಯ ತುಂಗಾ, ಆಪಲ್ ಯಂತ್ರಗಳಲ್ಲಿ ಕನ್ನಡ ಸಂಗಮ್ ಎಂಎನ್, ಆಂಡ್ರಾಯ್ಡ್‌ನಲ್ಲಿ ನೋಟೋ. ಇವುಗಳನ್ನು ಫಾಂಟ್ ಪಟ್ಟಿಯಲ್ಲಿ ಕ್ರಮವಾಗಿ ಹೆಸರಿಸಿರಬೇಕು. ಒಂದೇ ಅಂಕಿಯ ಗಾತ್ರ ಕೊಟ್ಟರೂ ಇವು ಬೇರೆ ಬೇರೆ ಗಾತ್ರದಲ್ಲಿ ಕಾಣುವುದರಿಂದ, ಫಾಂಟ್ ಬದಲಾದ ಗಳಿಗೆಯಲ್ಲಿ ಓದುತ್ತಿದ್ದ ಸಾಲು ಜಿಗಿದು ಎಲ್ಲೋ ಹೋಗುತ್ತದೆ. ಬದಲಿ ಫಾಂಟ್‌ನ ಘೋಷಣೆಯಲ್ಲಿ ಗಾತ್ರ ಹೊಂದಾಣಿಕೆಯ ಶೇಕಡಾವಾರನ್ನು ಬರೆದು ಈ ಜಿಗಿತವನ್ನು ತಗ್ಗಿಸಬಹುದು. ಪುಟದ ಭಾಷೆ ಕನ್ನಡವೆಂದು ಎಚ್‌ಟಿಎಂಎಲ್‌ನಲ್ಲಿ ಘೋಷಿಸುವುದನ್ನೂ ಮರೆಯಬಾರದು, ಪರದೆಯನ್ನು ಓದಿ ಹೇಳುವ ತಂತ್ರಾಂಶಗಳು ಅದನ್ನೇ ನೋಡಿ ಉಚ್ಚಾರಣೆಯನ್ನು ಆರಿಸಿಕೊಳ್ಳುತ್ತವೆ.

ಹೆಸರಿಡುವುದೇ ಅರ್ಧ ಕೆಲಸ

ಇಡೀ ಥೀಮಿನ ಬೆನ್ನೆಲುಬು ಸಿಎಸ್‌ಎಸ್ ವೇರಿಯಬಲ್‌ಗಳು, ಅಂದರೆ ಪುಟದ ರೂಪವನ್ನು ಬರೆಯುವ ಸಿಎಸ್‌ಎಸ್ ಭಾಷೆಯಲ್ಲಿ ಒಂದು ಬಣ್ಣಕ್ಕೋ ಅಳತೆಗೋ ಹೆಸರಿಟ್ಟು, ಬೇಕಾದಲ್ಲೆಲ್ಲ ಆ ಹೆಸರಿನಿಂದ ಕರೆಯುವ ವ್ಯವಸ್ಥೆ. 2017ರ ಹೊತ್ತಿಗೆ ಎಲ್ಲ ಪ್ರಮುಖ ಬ್ರೌಸರ್‌ಗಳಲ್ಲಿಯೂ ಇವು ಬಳಕೆಗೆ ಸಿಕ್ಕವು, ಈಗ ಇವುಗಳನ್ನು ಅನುಮಾನವಿಲ್ಲದೆ ಬಳಸಬಹುದು. ಅದಕ್ಕೂ ಮೊದಲು, ಸಿಎಸ್‌ಎಸ್ ಕಡತವನ್ನು ತಯಾರಿಸಿಕೊಡುವ ಸ್ಯಾಸ್‌ನಂತಹ ಸಾಧನಗಳಲ್ಲಿ ವೇರಿಯಬಲ್‌ಗಳಿದ್ದವಾದರೂ ಕಡತವು ಸಿದ್ಧವಾಗುವ ಹಂತದಲ್ಲಿಯೇ ಅವು ಮೌಲ್ಯಗಳಾಗಿ ಕರಗಿ, ಬ್ರೌಸರನ್ನು ತಲುಪುವ ಹೊತ್ತಿಗೆ ಹೆಸರೇ ಉಳಿಯುತ್ತಿರಲಿಲ್ಲ. ಸಿಎಸ್‌ಎಸ್ ವೇರಿಯಬಲ್ ಹಾಗಲ್ಲ. ಅದು ಬ್ರೌಸರ್‌ನಲ್ಲಿ ಜೀವಂತವಾಗಿರುತ್ತದೆ, ತಾಯಿ ಅಂಶದಿಂದ ಮಕ್ಕಳಿಗೆ ಇಳಿಯುತ್ತದೆ, ಪುಟದ ಒಂದು ಭಾಗಕ್ಕೆ ಮಾತ್ರ ಬೇರೆ ಮೌಲ್ಯ ಕೊಡಲೂ ಒಪ್ಪುತ್ತದೆ. ರಾತ್ರಿಯ ರೂಪ, ಹಬ್ಬದ ರೂಪ ಎಲ್ಲವೂ ಸಾಧ್ಯವಾಗುವುದು ಈ ಗುಣದಿಂದ.

ಆದರೆ ವೇರಿಯಬಲ್ ಬಳಸಿದ ಮಾತ್ರಕ್ಕೆ ಥೀಮ್ ಬಗ್ಗುವುದಿಲ್ಲ. "ನೀಲಿ" ಎಂದು ಹೆಸರಿಟ್ಟ ವೇರಿಯಬಲ್ಲನ್ನು ನಲವತ್ತು ಕಡೆ ಬಳಸಿದ ಮೇಲೆ ಆ ಬಣ್ಣವನ್ನು ಕೆಂಪು ಮಾಡಬೇಕೆಂದಾಗ, "ನೀಲಿ" ಎಂಬ ಹೆಸರಿನಲ್ಲಿ ಕೆಂಪು ಕುಳಿತು ಮುಂದೆ ಕಡತ ಓದುವವರೆಲ್ಲರನ್ನೂ ಗೊಂದಲಕ್ಕೆ ದೂಡುತ್ತದೆ. ಇದಕ್ಕಿಂತ ಕೆಟ್ಟದ್ದೆಂದರೆ, ಕೊಂಡಿಗೂ ಬಟನ್ನಿಗೂ ಪುಟದ ತಲೆಪಟ್ಟಿಗೂ ಅದೇ ಹೆಸರನ್ನು ಬಳಸಿದ್ದರಿಂದ, ತಲೆಪಟ್ಟಿಯ ಬಣ್ಣವನ್ನು ಮಾತ್ರ ಬದಲಿಸುವ ದಾರಿಯೇ ಇಲ್ಲದಂತಾಗುತ್ತದೆ. ಆದ್ದರಿಂದ ಹೆಸರುಗಳನ್ನು ಎರಡು ಪದರಗಳಲ್ಲಿ ಇಡುವುದು ಒಳಿತು.

ಕೆಳಗಿನ ಪದರವು ಬಣ್ಣದ ಡಬ್ಬಿಗಳ ಕಪಾಟು. ಅಲ್ಲಿ ಕುಂಕುಮ, ಅರಿಶಿನ, ಮಸಿ, ಸುಣ್ಣ ಎಂದು ಬಣ್ಣದ ಹೆಸರೇ ಇರಲಿ, ಒಂದೊಂದಕ್ಕೂ ತಿಳಿಯಿಂದ ಗಾಢದವರೆಗೆ ನಾಲ್ಕೈದು ಮೆಟ್ಟಿಲುಗಳಿರಲಿ. ಈ ಪದರದ ಹೆಸರುಗಳನ್ನು ಪುಟದ ಯಾವ ಭಾಗವೂ ನೇರವಾಗಿ ಕರೆಯಬಾರದು. ಮೇಲಿನ ಪದರದಲ್ಲಿ ಪಾತ್ರಗಳ ಹೆಸರುಗಳಿರುತ್ತವೆ: ಪುಟದ ಹಿನ್ನೆಲೆ, ಎತ್ತಿದ ಹಲಗೆಯ (ಪುಟದಿಂದ ಮೇಲೆದ್ದಂತೆ ಕಾಣುವ ಪೆಟ್ಟಿಗೆಯ) ಹಿನ್ನೆಲೆ, ಮುಖ್ಯ ಪಠ್ಯ, ಮೆಲುದನಿಯ ಪಠ್ಯ, ಕೊಂಡಿ, ಗಮನ ಸೆಳೆಯುವ ಒತ್ತುಬಣ್ಣ, ಒತ್ತುಬಣ್ಣದ ಮೇಲಿನ ಪಠ್ಯ, ಗಡಿಗೆರೆ, ಎಚ್ಚರಿಕೆ. ಪ್ರತಿ ಪಾತ್ರಕ್ಕೂ ಕಪಾಟಿನಿಂದ ಒಂದು ಬಣ್ಣವನ್ನು ನೇಮಿಸಲಾಗುತ್ತದೆ ಮತ್ತು ಪುಟದ ಎಲ್ಲ ಭಾಗಗಳೂ ಪಾತ್ರದ ಹೆಸರನ್ನೇ ಕರೆಯುತ್ತವೆ. ರಂಗಭೂಮಿಯ ಮಾತಿನಲ್ಲಿ ಹೇಳುವುದಾದರೆ ನಾಟಕ ಬರೆದವರು ಪಾತ್ರಕ್ಕೆ ಸಂಭಾಷಣೆ ಬರೆಯುತ್ತಾರೆಯೇ ಹೊರತು ನಟನಿಗಲ್ಲ. ಇಂದು ಒಬ್ಬ ನಟ, ನಾಳೆ ಇನ್ನೊಬ್ಬ, ನಾಟಕ ಅದೇ. ಕೋಡ್‌ನಲ್ಲಿ ಈ ಹೆಸರುಗಳನ್ನು ಕನ್ನಡ ಲಿಪಿಯಲ್ಲಿಯೇ ಬರೆದರೂ ಸಿಎಸ್‌ಎಸ್ ಒಪ್ಪುತ್ತದೆ, ಆದರೆ ಮುಂದೆ ನೋಡಿಕೊಳ್ಳುವವರ ಕೀಲಿಮಣೆ ಮತ್ತು ಅಭ್ಯಾಸವನ್ನು ವಿಚಾರಿಸಿಕೊಂಡು ನಿರ್ಧರಿಸುವುದು ಉಚಿತ.

ಮೂರನೆಯ ಪದರವೊಂದನ್ನು, ಅಂದರೆ ಬಟನ್ನಿನ ಹಿನ್ನೆಲೆ, ಬಟನ್ನಿನ ಅಂಚು, ಕಾರ್ಡಿನ ನೆರಳು ಎಂಬಂತೆ ಪ್ರತಿ ಘಟಕಕ್ಕೂ ಬೇರೆ ಹೆಸರುಗಳನ್ನು, ದೊಡ್ಡ ಸಂಸ್ಥೆಗಳ ವಿನ್ಯಾಸ ವ್ಯವಸ್ಥೆಗಳಲ್ಲಿ ಕಾಣಬಹುದು. ಒಬ್ಬರೇ ನಡೆಸುವ ತಾಣಕ್ಕೆ ಅದು ಹೊರೆ. ಒಂದು ಘಟಕವು ಉಳಿದವುಗಳಿಂದ ಬೇರೆಯಾಗಿ ಬದಲಾಗಬೇಕು ಎಂಬ ಅಗತ್ಯ ನಿಜವಾಗಿ ಬಂದ ದಿನ ಆ ಒಂದಕ್ಕೆ ಮಾತ್ರ ಹೆಸರು ಕೊಟ್ಟರೆ ಸಾಕು. ಪಾತ್ರಗಳ ಸಂಖ್ಯೆಯೂ ಹದಿನೈದರ ಒಳಗಿದ್ದರೆ ಎಲ್ಲವೂ ನೆನಪಿನಲ್ಲಿ ಉಳಿಯುತ್ತವೆ.

ಅರಿಶಿನ ಕುಂಕುಮದ ಲೆಕ್ಕ

ಬಣ್ಣವನ್ನು ಕಣ್ಣಿನ ಇಷ್ಟದಿಂದ ಆರಿಸಿ, ಅಂಕಿಯ ಲೆಕ್ಕದಿಂದ ಒಪ್ಪಬೇಕು. ವೆಬ್ ಪ್ರವೇಶಸಾಧ್ಯತೆಯ ಮಾರ್ಗಸೂಚಿಯಾದ ಡಬ್ಲ್ಯೂಸಿಎಜಿಯ ಎಎ ಮಟ್ಟದ ಪ್ರಕಾರ ಸಾಧಾರಣ ಪಠ್ಯಕ್ಕೂ ಅದರ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸಾನುಪಾತ, ಅಂದರೆ ಎರಡರ ಪ್ರಕಾಶದ ನಡುವಣ ಅನುಪಾತ, ಇರಬೇಕು, ದೊಡ್ಡ ಪಠ್ಯಕ್ಕೆ 3ಕ್ಕೆ 1 ಸಾಕು. ದೊಡ್ಡದು ಎಂದರೆ ಸುಮಾರು 24 ಪಿಕ್ಸೆಲ್, ದಪ್ಪಕ್ಷರವಾದರೆ 18.66 ಪಿಕ್ಸೆಲ್, ಅಥವಾ ಅದಕ್ಕಿಂತ ಮೇಲೆ. ಅಪ್ಪಟ ಬಿಳಿ ಮತ್ತು ಅಪ್ಪಟ ಕಪ್ಪಿನ ನಡುವಣ ಅನುಪಾತವಾದ 21 ಈ ಅಳತೆಯ ಗರಿಷ್ಠ ಮಿತಿ. ಬೆಳಕಿನ ಲೆಕ್ಕದಲ್ಲಿ ಹಸಿರಿಗೆ ಸುಮಾರು ಶೇ. 72, ಕೆಂಪಿಗೆ ಶೇ. 21, ನೀಲಿಗೆ ಶೇ. 7 ತೂಕವಿರುವುದರಿಂದ, ಕೆಂಪು ಹಸಿರು ಸೇರಿ ಆಗುವ ಪರದೆಯ ಹಳದಿ ಬಹುಮಟ್ಟಿಗೆ ಬಿಳಿಯಷ್ಟೇ ಪ್ರಕಾಶಮಾನ.

ನಮ್ಮ ಮಾಸಿಕದ ಸಂಪಾದಕರ ಕೋರಿಕೆಗೆ ಈ ಲೆಕ್ಕವನ್ನು ಅನ್ವಯಿಸಿ ನೋಡೋಣ. ಮ. ರಾಮಮೂರ್ತಿಯವರು ರೂಪಿಸಿದ ಕನ್ನಡ ಬಾವುಟದ ಹಳದಿ ಕೆಂಪುಗಳನ್ನು ಪರದೆಯ ಅಪ್ಪಟ ಹಳದಿ ಮತ್ತು ಅಪ್ಪಟ ಕೆಂಪು ಎಂದು ತೆಗೆದುಕೊಂಡರೆ, ಕೆಂಪಿನ ಮೇಲಿನ ಹಳದಿ ಅಕ್ಷರದ ಅನುಪಾತ ಸುಮಾರು 3.7 ಮಾತ್ರ. ದೊಡ್ಡ ಶೀರ್ಷಿಕೆಗೆ ಅದು ನಡೆಯುತ್ತದೆ, ಮೆನುವಿನ ಸಣ್ಣ ಅಕ್ಷರಕ್ಕೆ ನಡೆಯುವುದಿಲ್ಲ. ಕೆಂಪಿನ ಮೇಲೆ ಬಿಳಿ ಬರೆದರೂ 4ರ ಆಸುಪಾಸಿಗೆ ನಿಲ್ಲುತ್ತದೆ. ಬಿಳಿಯ ಮೇಲೆ ಹಳದಿಯಂತೂ 1.07, ಅಂದರೆ ಅಕ್ಷರ ಇದೆಯೋ ಇಲ್ಲವೋ ತಿಳಿಯದು. ಪರದೆಯ ಬಣ್ಣವನ್ನು ಕೆಂಪು, ಹಸಿರು, ನೀಲಿ ಎಂಬ ಮೂರು ಅಂಕಿಗಳಲ್ಲಿ, ಒಂದೊಂದನ್ನೂ 0ಯಿಂದ 255ರವರೆಗೆ, ಬರೆಯುತ್ತಾರೆ. ಇಲ್ಲಿ ಕೆಂಪಿನ ಅಂಕಿಯನ್ನು 255ರಿಂದ 176ಕ್ಕೆ ಇಳಿಸಿ, ಹಸಿರು ನೀಲಿಗಳನ್ನು ಸೊನ್ನೆಯಲ್ಲಿಯೇ ಬಿಟ್ಟರೆ ಒಣಗಿದ ಕುಂಕುಮದಂತಹ ಗಾಢ ಕೆಂಪು ಸಿಗುತ್ತದೆ. ಅದರ ಮೇಲೆ ಹಳದಿಗೆ 6.9, ಬಿಳಿಗೆ 7.4. ಬಾವುಟದ ನೆನಪೂ ಉಳಿಯುತ್ತದೆ, ಮೆನುವೂ ಓದಲು ಸಿಗುತ್ತದೆ. ಕಪಾಟಿನ ಕುಂಕುಮದ ಮೆಟ್ಟಿಲುಗಳನ್ನು ಹೀಗೆ ಲೆಕ್ಕ ಮಾಡಿಯೇ ಇಡಬೇಕು, ಮತ್ತು "ಒತ್ತುಬಣ್ಣ" ಹಾಗೂ "ಒತ್ತುಬಣ್ಣದ ಮೇಲಿನ ಪಠ್ಯ" ಎಂಬೆರಡು ಪಾತ್ರಗಳನ್ನು ಯಾವಾಗಲೂ ಜೋಡಿಯಾಗಿಯೇ ಬದಲಿಸಬೇಕು.

ಬೂದು ಬಣ್ಣದ ಬಗ್ಗೆ ಒಂದು ಮಾತು. ದಿನಾಂಕ, ಲೇಖಕರ ಹೆಸರು ಇವುಗಳನ್ನು ಮಂದವಾಗಿ ತೋರಿಸುವ ಹಂಬಲದಲ್ಲಿ ವಿನ್ಯಾಸಕಾರರು ಮೂರೂ ಅಂಕಿಗಳು 153 ಇರುವ ಬೂದು ಬಣ್ಣಕ್ಕೆ ಇಳಿಯುವುದುಂಟು. ಬಿಳಿಯ ಮೇಲೆ ಅದರ ಅನುಪಾತ 2.85. ಮೂರೂ ಅಂಕಿಗಳು 118 ಇರುವ ಬೂದು 4.54 ಕೊಡುತ್ತದೆ. ಅದೇ ಗಡಿ, ಅದಕ್ಕಿಂತ ತಿಳಿಯಾಗಬಾರದು.

ರಾತ್ರಿಯ ರೂಪ

ಓದುಗರು ತಮ್ಮ ಫೋನಿನಲ್ಲಿ ಡಾರ್ಕ್ ಮೋಡ್ ಆರಿಸಿಕೊಂಡಿದ್ದಾರೆಯೇ ಎಂದು ತಾಣವು ತಿಳಿದುಕೊಳ್ಳುವ ಸೌಲಭ್ಯವು 2019ರಲ್ಲಿ ಸಫಾರಿ, ಫೈರ್‌ಫಾಕ್ಸ್, ಕ್ರೋಮ್ ಮೂರಕ್ಕೂ ಬಂದಿತು. ಪಾತ್ರಗಳ ಪದರ ಸರಿಯಾಗಿದ್ದರೆ ರಾತ್ರಿಯ ರೂಪವೆಂದರೆ ಆ ಪಾತ್ರಗಳ ಹೆಸರುಗಳಿಗೆ ಎರಡನೆಯ ನೇಮಕಾತಿಯ ಪಟ್ಟಿ, ಅಷ್ಟೇ. ಆದರೆ ಹಗಲಿನ ಬಣ್ಣಗಳನ್ನು ತಿರುವುಮುರುವು ಮಾಡಿದರೆ ಆ ಪಟ್ಟಿ ಸಿದ್ಧವಾಗುವುದಿಲ್ಲ. ಮೇಲೆ ಹೇಳಿದ 176ರ ಕೆಂಪನ್ನು ಕಡುಗಪ್ಪು ಹಿನ್ನೆಲೆಯ ಮೇಲೆ ಕೊಂಡಿಯಾಗಿ ಬಳಸಿದರೆ ಅನುಪಾತ 2.5ರಷ್ಟಕ್ಕೆ ಕುಸಿಯುತ್ತದೆ, ಅಲ್ಲಿ ಕೆಂಪು 255, ಹಸಿರು 138, ನೀಲಿ 128 ಇರುವ ತಿಳಿಗೆಂಪು ಬೇಕು, ಅದು 8ಕ್ಕೂ ಮಿಕ್ಕ ಅನುಪಾತ ಕೊಡುತ್ತದೆ. ಹಿನ್ನೆಲೆಗೆ ಅಪ್ಪಟ ಕಪ್ಪಿಗಿಂತ ಮೂರೂ ಅಂಕಿಗಳು 18ರ ಸುತ್ತಮುತ್ತ ಇರುವ ಬೂದುಗಪ್ಪು ವಾಸಿ, ಗೂಗಲ್‌ನ ಮಟೀರಿಯಲ್ ವಿನ್ಯಾಸ ಸೂತ್ರವೂ ಅದನ್ನೇ ಹೇಳಿತ್ತು. ಕಪ್ಪಿನ ಮೇಲಿನ ಬಿಳಿ ಅಕ್ಷರಗಳು ಕಣ್ಣಿಗೆ ಉಬ್ಬಿದಂತೆ ಕಾಣುವುದರಿಂದ ವೇರಿಯಬಲ್ ಫಾಂಟ್ ಇದ್ದಲ್ಲಿ ದಪ್ಪವನ್ನು ಸಾಧಾರಣ ದಪ್ಪದ ಅಂಕಿಯಾದ 400ರಿಂದ 370ರಷ್ಟಕ್ಕೆ ತಗ್ಗಿಸುವುದೂ ಒಂದು ನಯವಾದ ಉಪಾಯ. ನೆರಳುಗಳು ಕತ್ತಲಲ್ಲಿ ಕಾಣುವುದಿಲ್ಲವಾದ್ದರಿಂದ ಎತ್ತಿದ ಹಲಗೆಯನ್ನು ಹಿನ್ನೆಲೆಗಿಂತ ತುಸು ತಿಳಿಯಾಗಿಸಿ ತೋರಿಸಬೇಕು.

ತಾಣದಲ್ಲಿ ಹಗಲು, ರಾತ್ರಿ, ಯಂತ್ರದಂತೆ ಎಂಬ ಮೂರು ಆಯ್ಕೆಗಳಿರಲಿ. ಓದುಗರ ಆಯ್ಕೆಯನ್ನು ನೆನಪಿಟ್ಟುಕೊಂಡು ಅನ್ವಯಿಸುವ ಚಿಕ್ಕ ಸ್ಕ್ರಿಪ್ಟ್ ಪುಟ ಮೂಡುವ ಮೊದಲೇ ನಡೆಯುವಂತೆ ತಲೆಭಾಗದಲ್ಲಿರಬೇಕು. ಕೊನೆಯಲ್ಲಿದ್ದರೆ ಕತ್ತಲ ಕೋಣೆಯಲ್ಲಿ ಓದುತ್ತಿರುವವರ ಕಣ್ಣಿಗೆ ಪ್ರತಿ ಪುಟವೂ ಒಮ್ಮೆ ಬಿಳಿಯಾಗಿ ಮಿಂಚಿ ನಂತರ ಕಪ್ಪಾಗುತ್ತದೆ. ಬ್ರೌಸರ್‌ಗೇ ಬಣ್ಣದ ಯೋಜನೆಯನ್ನು ತಿಳಿಸುವ ಸಿಎಸ್‌ಎಸ್ ಗುಣವನ್ನೂ ಬರೆದರೆ ಸ್ಕ್ರಾಲ್‌ಪಟ್ಟಿ ಮತ್ತು ಫಾರ್ಮಿನ ಖಾನೆಗಳು ಕೂಡ ಜತೆಗೆ ಬದಲಾಗುತ್ತವೆ. ಐಕಾನ್‌ಗಳಿಗೆ ಸ್ವಂತ ಬಣ್ಣ ಕೊಡದೆ ಸುತ್ತಲಿನ ಪಠ್ಯದ ಬಣ್ಣವನ್ನೇ ತೆಗೆದುಕೊಳ್ಳುವಂತೆ ಮಾಡಿ.

ಜಾಗ ಮತ್ತು ಸಾಲಿನ ಉದ್ದ

ಖಾಲಿ ಜಾಗಕ್ಕೂ ಮೆಟ್ಟಿಲುಗಳಿರಲಿ: 4, 8, 12, 16, 24, 32, 48, 64 ಪಿಕ್ಸೆಲ್. ಇವುಗಳನ್ನು ರೆಮ್ ಅಳತೆಗೆ ಪರಿವರ್ತಿಸಿ ವೇರಿಯಬಲ್‌ಗಳಾಗಿ ಬರೆದಿಟ್ಟು, ಇವುಗಳ ಹೊರಗಿನ ಅಂಕಿಯನ್ನು ಬಳಸದಿರುವ ಶಿಸ್ತನ್ನು ಪಾಲಿಸಿದರೆ ಪುಟಕ್ಕೆ ತಾನಾಗಿಯೇ ಒಂದು ಲಯ ಬರುತ್ತದೆ. ರೆಮ್ ಎಂಬುದು ಓದುಗರು ಬ್ರೌಸರ್‌ನಲ್ಲಿ ಇಟ್ಟುಕೊಂಡ ಮೂಲ ಗಾತ್ರವನ್ನು, ಬದಲಿಸದಿದ್ದರೆ ಸಾಮಾನ್ಯವಾಗಿ 16 ಪಿಕ್ಸೆಲ್ಲನ್ನು, ಆಧರಿಸುತ್ತದೆ. ಹಿರಿಯ ಓದುಗರೊಬ್ಬರು ಅದನ್ನು 20ಕ್ಕೆ ಏರಿಸಿಕೊಂಡರೆ ಅಕ್ಷರವೂ ಅಂತರವೂ ಕೂಡಿಯೇ ಬೆಳೆಯುತ್ತವೆ.

ಸಾಲಿನ ಉದ್ದವನ್ನು ನಿಗದಿಪಡಿಸಲು ಲ್ಯಾಟಿನ್ ಥೀಮುಗಳು ಬಳಸುವ "ಸಿಎಚ್" ಅಳತೆಯು ಸೊನ್ನೆ ಅಂಕಿಯ ಅಗಲವನ್ನು ಆಧರಿಸಿದ್ದರಿಂದ ಕನ್ನಡಕ್ಕೆ ಅದು ಸುಳ್ಳು ಲೆಕ್ಕ. ನಮ್ಮ ಅಕ್ಷರಗಳು ಅಗಲ, ಪದಗಳು ಉದ್ದ. 32ರಿಂದ 36 ಎಮ್ ಅಗಲದ ಅಂಕಣದಲ್ಲಿ ಸಾಲಿಗೆ ಎಂಟರಿಂದ ಹತ್ತು ಕನ್ನಡ ಪದಗಳು ಕೂರುತ್ತವೆ ಮತ್ತು ಕಣ್ಣು ಮುಂದಿನ ಸಾಲನ್ನು ತಪ್ಪದೆ ಹಿಡಿಯುತ್ತದೆ. "ವಿಶ್ವವಿದ್ಯಾಲಯಗಳಲ್ಲಿರುವವರಿಗೆ" ಎಂಬಂತಹ ಪದವು 360 ಪಿಕ್ಸೆಲ್ ಅಗಲದ ಫೋನಿನಲ್ಲಿ ದೊಡ್ಡ ಶೀರ್ಷಿಕೆಯಾಗಿ ಬಂದರೆ ಪರದೆಯನ್ನೇ ದಾಟಿ ಹೋಗುತ್ತದೆ. ಆದ್ದರಿಂದ ಶೀರ್ಷಿಕೆಯ ಗಾತ್ರವನ್ನು ಕನಿಷ್ಠ ಮತ್ತು ಗರಿಷ್ಠ ಮಿತಿಗಳ ನಡುವೆ ಪರದೆಯ ಅಗಲಕ್ಕೆ ತಕ್ಕಂತೆ ಏರಿಳಿಯುವ "ಕ್ಲ್ಯಾಂಪ್" ಸೂತ್ರದಲ್ಲಿ ಬರೆದು, ಬೇರೆ ದಾರಿಯಿಲ್ಲದಾಗ ಪದವನ್ನು ಮುರಿಯುವ ಅನುಮತಿಯನ್ನೂ ಕೊಡಬೇಕು. ಸಮಾನ ಅಂಚಿನ ಜೋಡಣೆಯನ್ನು, ಅಂದರೆ ಎರಡೂ ಬದಿ ನೇರವಾಗುವಂತೆ ಪದಗಳ ನಡುವೆ ಜಾಗ ಹಿಗ್ಗಿಸುವುದನ್ನು, ಫೋನಿನಲ್ಲಿ ಖಂಡಿತ ಮಾಡಬೇಡಿ. ಉದ್ದ ಪದಗಳ ನಡುವೆ ಸಾಲಿನಲ್ಲಿ ಹೊಳೆ ಹರಿದಂತೆ ಬಿರುಕು ಮೂಡುತ್ತದೆ. ಮುದ್ರಿತ ಪತ್ರಿಕೆಯ ಅಭ್ಯಾಸದಿಂದ ಬಂದ ಸಂಪಾದಕರಿಗೆ ಇದನ್ನು ಒಪ್ಪಿಸುವುದು ಕಷ್ಟವೇ ಸರಿ.

ಲೇಖನದ ಕಾರ್ಡುಗಳು ಪರದೆಯ ಅಗಲಕ್ಕಿಂತ ತಾವಿರುವ ಪೆಟ್ಟಿಗೆಯ ಅಗಲವನ್ನು ನೋಡಿ ರೂಪ ಬದಲಿಸುವುದು 2023ರ ಆರಂಭದಿಂದ ಎಲ್ಲ ಪ್ರಮುಖ ಬ್ರೌಸರ್‌ಗಳಲ್ಲಿಯೂ ಸಾಧ್ಯವಾಗಿದೆ. ಒಂದೇ ಕಾರ್ಡನ್ನು ಮುಖಪುಟದ ನಡುವೆಯೂ ಪಕ್ಕದ ಅಂಕಣದಲ್ಲಿಯೂ ಇಡುವ ತಾಣಕ್ಕೆ ಇದು ವರವೆನ್ನಬಹುದು. ಚಿತ್ರವಿಲ್ಲದ ಕಾರ್ಡು ಹೇಗಿರಬೇಕೆಂದು ಮೊದಲೇ ತೀರ್ಮಾನಿಸಿ, ಎಲ್ಲ ಲೇಖನಕ್ಕೂ ಒಂದೇ ಪುಸ್ತಕದ ಚಿತ್ರವನ್ನು ಅಂಟಿಸುವ ಗತಿ ಬಾರದಿರಲಿ.

ಪರೀಕ್ಷೆಯ ಪುಟ

ಥೀಮಿನ ಎಲ್ಲ ತುಣುಕುಗಳನ್ನು ಒಂದೇ ಪುಟದಲ್ಲಿ ಸಾಲಾಗಿ ಜೋಡಿಸಿದ ನಮೂನೆಯ ಪುಟವೊಂದನ್ನು ತಾಣದ ಒಳಗೆ, ಹೊರಗಿನವರಿಗೆ ಕಾಣದಂತೆ, ಇಟ್ಟುಕೊಳ್ಳಿ. ಆರಂಭದಲ್ಲಿ ಒಟ್ಟುಗೂಡಿಸಿದ ಕಷ್ಟದ ಬರಹಗಳೂ ಒತ್ತಕ್ಷರದ ಪದಗಳೂ ಅಲ್ಲಿರಲಿ. ಪ್ರತಿ ಬದಲಾವಣೆಯ ನಂತರ ಈ ಪುಟವನ್ನು ಹಗಲು ರಾತ್ರಿ ಎರಡೂ ರೂಪಗಳಲ್ಲಿ, ಅಗ್ಗದ ಆಂಡ್ರಾಯ್ಡ್ ಫೋನಿನಲ್ಲಿ, ಮಧ್ಯಾಹ್ನದ ಬಿಸಿಲಿನಲ್ಲಿ ನೋಡಬೇಕು. ಪಠ್ಯವನ್ನು ಶೇ. 200ಕ್ಕೆ ಹಿಗ್ಗಿಸಿದಾಗ ಏನೂ ಕಳೆದುಹೋಗಬಾರದು ಮತ್ತು 320 ಪಿಕ್ಸೆಲ್ ಅಗಲದಲ್ಲಿ ಪುಟವನ್ನು ಅಡ್ಡಡ್ಡ ಜಾರಿಸಿ ಓದುವಂತಾಗಬಾರದು. ಇವೆರಡೂ ಡಬ್ಲ್ಯೂಸಿಎಜಿಯ ಎಎ ಮಟ್ಟದ ಷರತ್ತುಗಳು. ಕೀಲಿಮಣೆಯ ಟ್ಯಾಬ್ ಒತ್ತುತ್ತಾ ಹೋದಾಗ ಗಮನ ಎಲ್ಲಿದೆ ಎಂಬ ಗೆರೆ ಎರಡೂ ರೂಪಗಳಲ್ಲಿ ಕಾಣಬೇಕು. ಮುದ್ರಣದ ನೋಟವನ್ನೂ ಒಮ್ಮೆ ತೆರೆಯಿರಿ, ಏಕೆಂದರೆ ಸಾಹಿತ್ಯದ ಓದುಗರು ಇಂದಿಗೂ ಲೇಖನಗಳನ್ನು ಕಾಗದಕ್ಕೆ ಇಳಿಸಿಕೊಳ್ಳುತ್ತಾರೆ, ಅಲ್ಲಿ ಮೆನುವಾಗಲೀ ಬಣ್ಣದ ಹಿನ್ನೆಲೆಯಾಗಲೀ ಬೇಕಿಲ್ಲ.

ನವೆಂಬರ್ 1

ಈಗ ಸಂಪಾದಕರ ಕೋರಿಕೆಗೆ ಮರಳಬಹುದು. ಪುಟದ ಮೂಲ ಅಂಶಕ್ಕೆ "ಉತ್ಸವ" ಎಂಬ ಒಂದು ಗುಣಸೂಚಕವನ್ನು ಸೇರಿಸಿ, ಆ ಸೂಚಕವಿದ್ದಾಗ ಯಾವ ಪಾತ್ರಕ್ಕೆ ಯಾವ ಬಣ್ಣ ಎಂಬ ಚಿಕ್ಕ ಪಟ್ಟಿಯನ್ನು ಬರೆಯಿರಿ: ತಲೆಪಟ್ಟಿಯ ಒತ್ತುಬಣ್ಣಕ್ಕೆ ಗಾಢ ಕುಂಕುಮ, ಅದರ ಮೇಲಿನ ಪಠ್ಯಕ್ಕೆ ಅರಿಶಿನ, ಗಡಿಗೆರೆಗೆ ಮಂದ ಅರಿಶಿನ, ಕೊಂಡಿಗೆ ಕುಂಕುಮ. ಲೇಖನದ ಹಿನ್ನೆಲೆ ಮತ್ತು ಮುಖ್ಯ ಪಠ್ಯವನ್ನು ಮುಟ್ಟಬೇಡಿ, ಹಬ್ಬದ ದಿನವೂ ಜನ ಓದಲೆಂದೇ ಬರುತ್ತಾರೆ. ಅಕ್ಷರದ ಗಾತ್ರ, ಅಂತರ, ಜೋಡಣೆ ಇವು ಉತ್ಸವದ ಪಟ್ಟಿಯಲ್ಲಿ ಇರಲೇಬಾರದು. ಅವು ಬದಲಾದರೆ ನಿತ್ಯದ ಓದುಗರು ದಾರಿ ತಪ್ಪುತ್ತಾರೆ, ಪರೀಕ್ಷಿಸಬೇಕಾದ ಸಾಧ್ಯತೆಗಳೂ ಬೆಳೆಯುತ್ತಾ ಹೋಗುತ್ತವೆ. ಇದೇ ತರ್ಕದಿಂದ ಸಂಪಾದಕರ ನಿಯಂತ್ರಣ ಫಲಕದಲ್ಲಿಯೂ ಆಯ್ಕೆಗಳನ್ನು ಮಿತಿಗೊಳಿಸುವುದು ಲೇಸು: ಯಾವ ಬಣ್ಣವನ್ನಾದರೂ ಆರಿಸಬಹುದಾದ ಚಕ್ರಕ್ಕಿಂತ, ಅನುಪಾತ ಪರೀಕ್ಷಿಸಿ ಸಿದ್ಧಪಡಿಸಿದ ನಾಲ್ಕು ಪಟ್ಟಿಗಳಲ್ಲಿ ಒಂದನ್ನು ಆರಿಸುವ ಗುಂಡಿ ಹೆಚ್ಚು ಉಪಯುಕ್ತ.

ಉತ್ಸವದ ಪಟ್ಟಿಗೂ ರಾತ್ರಿಯ ರೂಪವೊಂದಿರಬೇಕು ಎಂಬುದನ್ನು ಹಲವರು ಮರೆಯುತ್ತಾರೆ. ಹಗಲಿನ ಉತ್ಸವ, ರಾತ್ರಿಯ ಉತ್ಸವ ಎರಡನ್ನೂ ಅಕ್ಟೋಬರ್ 31ರ ಸಂಜೆಯೊಳಗೆ ನಮೂನೆಯ ಪುಟದಲ್ಲಿ ನೋಡಿ, ಮಧ್ಯರಾತ್ರಿ ಗುಣಸೂಚಕ ಸೇರುವಂತೆ ಸರ್ವರ್‌ನಲ್ಲಿ ಹೊತ್ತು ಗೊತ್ತುಪಡಿಸಿ. ದಿನಾಂಕವನ್ನು ಭಾರತೀಯ ಕಾಲಮಾನದಲ್ಲಿಯೇ ಲೆಕ್ಕ ಹಾಕುವಂತೆ ಸ್ಪಷ್ಟವಾಗಿ ಬರೆಯಬೇಕು. ಗ್ರೀನ್‌ವಿಚ್ ಕಾಲಕ್ಕೆ ಹೊಂದಿಸಿದ ಸರ್ವರ್ ಆಗಿದ್ದರೆ ಬೆಳಗಿನ ಐದೂವರೆಯವರೆಗೂ ತಾಣವು ನಿನ್ನೆಯ ಬಣ್ಣದಲ್ಲಿಯೇ ಇರುತ್ತದೆ, ಮತ್ತು 2ನೇ ತಾರೀಖು ಅಷ್ಟೇ ಹೊತ್ತು ಹಬ್ಬ ಮುಂದುವರಿಯುತ್ತದೆ. ಪುಟಗಳ ನಕಲನ್ನು ಕ್ಯಾಶ್‌ನಲ್ಲಿ ಇಡುವ ವ್ಯವಸ್ಥೆ ಇದ್ದರೆ ಅದನ್ನು ಎರಡೂ ಮಧ್ಯರಾತ್ರಿ ತೆರವುಗೊಳಿಸುವ ಏರ್ಪಾಡನ್ನೂ ಅದೇ ವೇಳಾಪಟ್ಟಿಗೆ ಸೇರಿಸಿ.